ತುಂಬು ತಿಂಗಳಲ್ಲಿ ಮಾಡಿಡಬೇಕಾದ ನಿರ್ಧಾರಗಳು

ಹೆರಿಗೆಗೆ ಇನ್ನೆರಡು ತಿಂಗಳು ಇರುವಾಗ ಗರ್ಭಿಣಿಯರೂ ಅವರ ಮನೆಯವರೂ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಏನೇನು ಕೊಂಡಿಡಬೇಕು ಎಂಬುದು. ಪ್ರಶ್ನೆ ಸಹಜವಾದದ್ದೇ. ಪುಟ್ಟ ಬಟ್ಟೆಗಳನ್ನು ಒಗೆದು ಮಡಿಚಿಡುವಾಗ ಮನಸ್ಸಿಗೆ ಸಿಗುವ ಸಮಾಧಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಟ್ಟೆ ಸಾಲದೆ ಅಪಾಯಕ್ಕೆ ಸಿಲುಕಿದ ಮಗು ಅಪರೂಪ. ಮಧ್ಯರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು, ಹೊರಡೋಣ ಎಂದು ಹೇಳಬೇಕಾದವರು ಯಾರು ಎಂಬುದು ಇತ್ಯರ್ಥವಾಗದೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುವುದು ಮಾತ್ರ ಅಪರೂಪವಲ್ಲ. ಆದ್ದರಿಂದ ಇಂದಿನ ಮಾತಿನ ಬಹುಪಾಲನ್ನು ಮುಂಚಿತವಾಗಿ ಮಾಡಿಡಬೇಕಾದ ನಿರ್ಧಾರಗಳಿಗೇ ಮೀಸಲಿಡುತ್ತೇನೆ. ವಸ್ತುಗಳ ವಿಷಯವನ್ನು ನಡುವೆ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತೇನೆ.

ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ, ಹೆರಿಗೆಯ ಸಮಯದ ಸಾವುಗಳ ಹಿಂದೆ ಮೂರು ಬಗೆಯ ವಿಳಂಬಗಳಿರುತ್ತವೆ ಎಂದು ವಿವರಿಸಿದರು. ವೈದ್ಯಕೀಯ ನೆರವು ಬೇಕು ಎಂದು ತೀರ್ಮಾನಿಸುವುದರಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆಯನ್ನು ತಲುಪುವುದರಲ್ಲಿ ಆಗುವ ತಡ ಎರಡನೆಯದು. ತಲುಪಿದ ಮೇಲೆ ತಕ್ಕ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ ಮೂರನೆಯದು. ಮೂರನೆಯದು ಬಹುಮಟ್ಟಿಗೆ ಆಸ್ಪತ್ರೆಗಳ ಹೊಣೆ. ಮೊದಲ ಎರಡರಲ್ಲಿ ದೊಡ್ಡ ಪಾಲು ಮನೆಯವರ ಕೈಯಲ್ಲಿದೆ, ಮತ್ತು ಅದನ್ನು ಸರಿಪಡಿಸಲು ಹಣಕ್ಕಿಂತ ಹೆಚ್ಚಾಗಿ ಒಂದು ಸಂಜೆ ಎಲ್ಲರೂ ಕುಳಿತು ಮಾತನಾಡುವ ವ್ಯವಧಾನ ಬೇಕು.

ಆ ಮಾತುಕತೆ ಯಾವಾಗ ಮುಗಿದಿರಬೇಕು? ವೈದ್ಯರು ಬರೆದುಕೊಡುವ ಹೆರಿಗೆಯ ದಿನಾಂಕವು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನು ಎಣಿಸಿ ಪಡೆದದ್ದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ನೇಗೆಲೆಯ ಹೆಸರಿನಲ್ಲಿ ಪ್ರಸಿದ್ಧವಾದ ಈ ಲೆಕ್ಕವನ್ನು ಈಗ ಆರಂಭದ ತಿಂಗಳುಗಳ ಸ್ಕ್ಯಾನಿಂಗ್ ಜೊತೆ ತಾಳೆ ನೋಡಿ ತಿದ್ದಿಕೊಳ್ಳುತ್ತಾರೆ. ಅಷ್ಟಾದರೂ ಸರಿಯಾಗಿ ಅದೇ ದಿನ ಹುಟ್ಟುವ ಮಗು ಸುಮಾರು ಇಪ್ಪತ್ತಕ್ಕೆ ಒಂದು ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನ ಬೇಕಾದರೂ ನೋವು ಕಾಣಿಸಿಕೊಳ್ಳಬಹುದು, ಅದಕ್ಕೂ ಮೊದಲೇ ಹುಟ್ಟುವ ಮಕ್ಕಳೂ ಇದ್ದಾರೆ. ಹೀಗಾಗಿ 34 ವಾರಗಳ ಹೊತ್ತಿಗೆ ಮಾತುಕತೆಯೂ 36 ವಾರಗಳ ಹೊತ್ತಿಗೆ ಚೀಲವೂ ಸಿದ್ಧವಿರುವುದು ಒಳ್ಳೆಯದು. ಅವಳಿ ಮಕ್ಕಳಿದ್ದರೆ, ಅಥವಾ ಹಿಂದಿನ ಹೆರಿಗೆ ದಿನ ತುಂಬುವ ಮುನ್ನವೇ ಆಗಿದ್ದರೆ, ಇನ್ನೂ ಮೂರು ನಾಲ್ಕು ವಾರ ಹಿಂದಕ್ಕೆ ಸರಿಸಿಕೊಳ್ಳಬೇಕು.

ಬೇಗ ಸಿದ್ಧರಾಗುವುದು ಬೇರೆ, ಹೆರಿಗೆಯನ್ನೇ ಬೇಗ ಮಾಡಿಸಿಕೊಳ್ಳುವುದು ಬೇರೆ. ಕೊನೆಯ ವಾರಗಳಲ್ಲಿ ಮಗು ಸುಮ್ಮನೆ ಕಾಯುತ್ತಾ ಕುಳಿತಿರುವುದಿಲ್ಲ. 35 ವಾರಗಳಲ್ಲಿ ಅದರ ಮಿದುಳಿನ ತೂಕವು ದಿನ ತುಂಬಿದಾಗ ಇರುವ ತೂಕದ ಸುಮಾರು ಮೂರನೆಯ ಎರಡು ಭಾಗ ಮಾತ್ರ ಇರುತ್ತದೆ. ಹುಟ್ಟಿದ ಮೇಲೆ ಮೈಬಿಸಿಯನ್ನು ಕಾಪಾಡುವ ಕೊಬ್ಬು ಶೇಖರವಾಗುವುದೂ, ತಾಯಿಯ ರಕ್ತದಿಂದ ರೋಗನಿರೋಧಕ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹೇರಳವಾಗಿ ಸಾಗುವುದೂ ಈ ಅವಧಿಯಲ್ಲಿಯೇ. ವೈದ್ಯಕೀಯ ಕಾರಣವಿಲ್ಲದೆ, ಕೇವಲ ಅನುಕೂಲದ ದಿನವೆಂಬ ಕಾರಣಕ್ಕೆ 39 ವಾರಕ್ಕೆ ಮೊದಲು ಹೆರಿಗೆ ಮಾಡಿಸಬಾರದು ಎಂದು ಪ್ರಸೂತಿ ತಜ್ಞರು ಒತ್ತಿ ಹೇಳುವುದು ಇದಕ್ಕಾಗಿಯೇ. ಇನ್ನೊಂದು ತುದಿಯಲ್ಲಿ, 41 ವಾರ ದಾಟಿದರೂ ನೋವು ಬಾರದಿದ್ದರೆ ಔಷಧ ಕೊಟ್ಟು ನೋವು ಬರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಆ ಸಲಹೆ ಬಂದಾಗ ಗಾಬರಿಪಡಬೇಕಾದದ್ದೇನೂ ಇಲ್ಲ.

ಈಗ ಮೊದಲನೆಯ ವಿಳಂಬಕ್ಕೆ ಬರೋಣ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತನಾಡಬೇಕಾಗಿದೆ, ಏಕೆಂದರೆ ಇದು ಅಜ್ಞಾನಕ್ಕಿಂತ ಹೆಚ್ಚಾಗಿ ಸಂಕೋಚದಿಂದ ಹುಟ್ಟುವ ವಿಳಂಬ. ಇಷ್ಟು ಸಣ್ಣ ವಿಷಯಕ್ಕೆ ಡಾಕ್ಟರನ್ನು ಎಬ್ಬಿಸುವುದೇ, ಬೆಳಗಾಗಲಿ ನೋಡೋಣ, ಎಲ್ಲರಿಗೂ ಹೀಗೇ ಆಗುತ್ತದೆ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಆದರೆ ಕೆಲವು ಲಕ್ಷಣಗಳು ಬೆಳಗಿನ ತನಕ ಕಾಯುವಂಥವಲ್ಲ.

ಮಗುವಿನ ಮಿಸುಕಾಟ ಇವುಗಳಲ್ಲಿ ಮೊದಲನೆಯದು. ತುಂಬು ತಿಂಗಳಲ್ಲಿ ಒಳಗೆ ಜಾಗ ಸಾಲದೆ ಮಗು ಅಲುಗಾಡುವುದು ಕಡಿಮೆಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಮತ್ತು ಅದು ತಪ್ಪು. ಜೋರಾದ ಒದೆತದ ಬದಲು ಹೊರಳಾಟ, ತಳ್ಳಾಟ ಹೆಚ್ಚಾಗಬಹುದು, ಅಂದರೆ ಅಲುಗಾಟದ ಬಗೆ ಬದಲಾಗಬಹುದು. ಆದರೆ ಅದು ಹೆರಿಗೆಯ ತನಕವೂ, ನೋವು ಬರುತ್ತಿರುವಾಗಲೂ, ಮುಂದುವರಿಯಬೇಕು. ಪ್ರತಿ ಮಗುವಿಗೂ ತನ್ನದೇ ಆದ ವೇಳೆಗಳಿರುತ್ತವೆ, ಅದನ್ನು ತಾಯಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ದಿನನಿತ್ಯದ ಕ್ರಮಕ್ಕಿಂತ ಕಡಿಮೆ ಎನ್ನಿಸಿದರೆ, ಎಡಮಗ್ಗುಲಾಗಿ ಮಲಗಿ, ಬೇರೆ ಯಾವ ಕೆಲಸಕ್ಕೂ ಗಮನ ಕೊಡದೆ ಎಣಿಸಿ ನೋಡಬಹುದು. ಎರಡು ಗಂಟೆಗಳಲ್ಲಿ ಹತ್ತು ಚಲನೆಗಳು ತಿಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬುದು ಹಲವು ಕಡೆ ಬಳಕೆಯಲ್ಲಿರುವ ಅಳತೆ. ಆದರೆ ಲೆಕ್ಕ ಸರಿಹೋದರೂ ತಾಯಿಗೆ ಅನುಮಾನ ಉಳಿದರೆ, ಅಥವಾ ಮಿಸುಕಾಟ ಪೂರ್ತಿ ನಿಂತಂತೆ ಅನ್ನಿಸಿದರೆ, ಎಣಿಸುತ್ತಾ ಕೂರದೆ ಹೊರಡುವುದೇ ಸರಿ. ಅಲ್ಲಿ ಮಗುವಿನ ಎದೆಬಡಿತವನ್ನು ಯಂತ್ರದಿಂದ ನೋಡಿ ಎಲ್ಲವೂ ಸರಿಯಾಗಿದೆ ಎಂದು ಹೇಳಿ ಕಳಿಸಿದರೆ ಅದು ವ್ಯರ್ಥವಾದ ಓಡಾಟವಲ್ಲ. ಮರುದಿನ ಮತ್ತೆ ಅದೇ ಅನುಮಾನ ಬಂದರೆ ಮತ್ತೆ ಹೋಗಬೇಕು.

ಎರಡನೆಯದು ರಕ್ತದೊತ್ತಡಕ್ಕೆ ಸಂಬಂಧಿಸಿದ್ದು. ಇಪ್ಪತ್ತು ವಾರಗಳ ನಂತರ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಾಗುವುದು, ಅದರೊಂದಿಗೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವುದು ಅಥವಾ ಬೇರೆ ಅಂಗಗಳಿಗೆ ತೊಂದರೆಯಾಗುವುದು, ಇದನ್ನು ವೈದ್ಯರು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಆರಂಭದಲ್ಲಿ ಇದು ಯಾವ ನೋವನ್ನೂ ಕೊಡದಿರಬಹುದು, ಆದ್ದರಿಂದಲೇ ಕೊನೆಯ ತಿಂಗಳುಗಳಲ್ಲಿ ತಪಾಸಣೆಗಳು ಹತ್ತಿರ ಹತ್ತಿರ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸೂಚಿಸಿದ ಎಂಟು ಭೇಟಿಗಳಲ್ಲಿ ಐದು ಕೊನೆಯ ಮೂರು ತಿಂಗಳಲ್ಲೇ ಇವೆ. ಆರಾಮವಾಗಿದ್ದೇನಲ್ಲ ಎಂದು 36 ಅಥವಾ 38ನೆಯ ವಾರದ ಭೇಟಿಯನ್ನು ಬಿಟ್ಟುಬಿಡುವುದು ಇದೇ ಕಾರಣದಿಂದ ಅಪಾಯಕರ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣೆದುರು ಮಿಂಚಿದಂತಾಗುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈಗಳು ಒಮ್ಮೆಲೇ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ಹೊತ್ತಿಗೆ ಹೊರಡಬೇಕು. ಸಂಜೆಯ ಹೊತ್ತಿಗೆ ಪಾದಗಳು ತುಸು ಊದುವುದು ಬಹುತೇಕ ಗರ್ಭಿಣಿಯರಲ್ಲಿ ಕಾಣುವ ಸಾಮಾನ್ಯ ಸಂಗತಿ, ಎರಡನ್ನೂ ಬೆರೆಸಿಕೊಳ್ಳಬಾರದು.

ಯೋನಿಯಿಂದ ರಕ್ತಸ್ರಾವ, ಜ್ವರ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲಗೊಳ್ಳದೆ ಉಳಿಯುವುದು, ಉಸಿರಾಟದ ತೊಂದರೆ, ಫಿಟ್ಸ್, ಇವೆಲ್ಲವೂ ತುರ್ತು ಲಕ್ಷಣಗಳೇ. ಅಷ್ಟು ಪ್ರಚಾರದಲ್ಲಿಲ್ಲದ ಇನ್ನೊಂದಿದೆ: ಗಂಧೆಯಿಲ್ಲದೆ ಅಂಗೈ ಅಂಗಾಲುಗಳಲ್ಲಿ, ಅದರಲ್ಲೂ ರಾತ್ರಿ ವೇಳೆ, ವಿಪರೀತ ತುರಿಕೆ. ಇದು ಪಿತ್ತಜನಕಾಂಗಕ್ಕೆ ಸಂಬಂಧಿಸಿದ ಕೊಲೆಸ್ಟಾಸಿಸ್ ಎಂಬ ತೊಂದರೆಯ ಸೂಚನೆಯಾಗಿರಬಹುದು. ಒಣಚರ್ಮವೆಂದು ಮುಲಾಮು ಹಚ್ಚಿ ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಬೇಕು.

ಈ ಲಕ್ಷಣಗಳನ್ನು ಗರ್ಭಿಣಿಯೊಬ್ಬಳೇ ತಿಳಿದಿದ್ದರೆ ಸಾಲದು. ಫಿಟ್ಸ್ ಬಂದವಳು ತನಗೆ ಫಿಟ್ಸ್ ಬಂದಿದೆ ಎಂದು ಹೇಳಲಾರಳು. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಇವು ಬಾಯಿಪಾಠವಾಗಿರಬೇಕು, ಮತ್ತು ಆಕೆ ಹೋಗಬೇಕು ಎಂದ ಕೂಡಲೇ ಬೇರೆ ಯಾರ ಒಪ್ಪಿಗೆಗೂ ಕಾಯದೆ ಹೊರಡುವುದು ಎಂಬ ಮಾತು ಮುಂಚೆಯೇ ಆಗಿರಬೇಕು. ಹಿರಿಯರ ಅನುಭವಕ್ಕೆ ನನ್ನ ಗೌರವವಿದೆ. ಆದರೆ ಹೊರಡುವುದನ್ನು ತಡೆಯುವ ಅಧಿಕಾರ ಆ ಅನುಭವಕ್ಕೆ ಇರಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪಾಯದ ಲಕ್ಷಣಗಳಷ್ಟೇ ಗೊಂದಲ ಹುಟ್ಟಿಸುವುದು ನಿಜವಾದ ನೋವು ಯಾವುದು ಎಂಬ ಪ್ರಶ್ನೆ. ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯರು 1872ರಲ್ಲಿ ವಿವರಿಸಿದ, ಅವರ ಹೆಸರಿನಲ್ಲೇ ಕರೆಯಲಾಗುವ ಸುಳ್ಳು ನೋವುಗಳು ಕೊನೆಯ ವಾರಗಳಲ್ಲಿ ಆಗಾಗ ಬಂದುಹೋಗುತ್ತವೆ. ಹೊಟ್ಟೆ ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಆದರೆ ಅದಕ್ಕೊಂದು ಕ್ರಮವಿರುವುದಿಲ್ಲ. ಎದ್ದು ನಡೆದಾಡಿದರೆ, ಮಗ್ಗುಲು ಬದಲಿಸಿದರೆ, ನೀರು ಕುಡಿದರೆ ತಣ್ಣಗಾಗುತ್ತವೆ. ನಿಜವಾದ ನೋವು ಏನು ಮಾಡಿದರೂ ನಿಲ್ಲುವುದಿಲ್ಲ, ನೋವು ನೋವಿನ ನಡುವಿನ ಬಿಡುವು ಕಿರಿದಾಗುತ್ತಾ ಬರುತ್ತದೆ, ಬಿಗಿತ ಬಲವಾಗುತ್ತದೆ. ಮೊದಲ ಬಸಿರಿನಲ್ಲಿ, ಬೇರೆ ತೊಡಕುಗಳಿಲ್ಲದಿದ್ದರೆ, ಐದು ನಿಮಿಷಕ್ಕೊಮ್ಮೆ ಬರುವ ನೋವು ಪ್ರತಿ ಸಲ ಒಂದು ನಿಮಿಷ ಇದ್ದು, ಹೀಗೆ ಒಂದು ಗಂಟೆ ನಡೆದಾಗ ಆಸ್ಪತ್ರೆಗೆ ಹೊರಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡನೆಯ ಹೆರಿಗೆ ಬೇಗ ಆಗುವುದೇ ಹೆಚ್ಚು, ಆದ್ದರಿಂದ ಅಷ್ಟು ಕಾಯಬಾರದು. ಮನೆ ದೂರವಿದ್ದರೂ ಕಾಯಬಾರದು. 37 ವಾರ ತುಂಬುವ ಮೊದಲು ಕ್ರಮವಾದ ನೋವು ಬಂದರೆ ಈ ಎಣಿಕೆ ಯಾವುದೂ ಅನ್ವಯಿಸುವುದಿಲ್ಲ, ತಕ್ಷಣ ಹೋಗಬೇಕು.

ರಕ್ತದ ಎಳೆಗಳಿರುವ ಲೋಳೆ ಹೋಗುವುದು ಹೆರಿಗೆ ಹತ್ತಿರವಾಗಿದೆ ಎಂಬುದರ ಸೂಚನೆ, ಅದರ ನಂತರ ಗಂಟೆಗಳೂ ಆಗಬಹುದು, ದಿನಗಳೂ ಆಗಬಹುದು. ನೀರು ಹೋಗುವುದು ಬೇರೆಯೇ ಸಂಗತಿ. ಅದು ಒಮ್ಮೆಲೇ ಧಾರೆಯಾಗಿ ಹೋಗಬಹುದು, ಅಥವಾ ಮೂತ್ರವೋ ಏನೋ ಎಂದು ಅನುಮಾನ ಬರುವಷ್ಟು ತೊಟ್ಟು ತೊಟ್ಟಾಗಿ ಸೋರಬಹುದು. ಎರಡೂ ಸಂದರ್ಭಗಳಲ್ಲಿ ನೋವು ಇರಲಿ ಇಲ್ಲದಿರಲಿ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು, ಏಕೆಂದರೆ ನೀರಿನ ಚೀಲ ಒಡೆದ ಮೇಲೆ ಹೊತ್ತು ಕಳೆದಂತೆಲ್ಲ ಸೋಂಕಿನ ಸಾಧ್ಯತೆ ಏರುತ್ತದೆ. ಸ್ವಚ್ಛವಾದ ಪ್ಯಾಡ್ ಇಟ್ಟುಕೊಂಡು ಬಣ್ಣ ಗಮನಿಸಬೇಕು. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲವಿಸರ್ಜನೆ ಮಾಡಿದೆ ಎಂದರ್ಥ, ಅದನ್ನು ಫೋನಿನಲ್ಲೇ ತಿಳಿಸಬೇಕು.

ಎರಡನೆಯ ವಿಳಂಬವಾದ ದಾರಿಯ ವಿಷಯ ಚಿಕ್ಕದು, ಆದರೆ ಇಲ್ಲಿ ಸಾಮಾನ್ಯವಾಗಿ ಹೊಳೆಯದೆ ಉಳಿಯುವ ಪ್ರಶ್ನೆಗಳಿವೆ. ವಾಹನ ಇದೆ ಎಂಬುದಷ್ಟೇ ಸಾಲದು, ರಾತ್ರಿ ಎರಡು ಗಂಟೆಗೆ ಅದನ್ನು ಓಡಿಸುವವರು ಯಾರು, ಅವರು ಊರಲ್ಲಿಲ್ಲದಿದ್ದರೆ ಮುಂದಿನವರು ಯಾರು ಎಂಬುದು ಗೊತ್ತಿರಬೇಕು. ಆಸ್ಪತ್ರೆಯ ಯಾವ ಬಾಗಿಲು ರಾತ್ರಿ ತೆರೆದಿರುತ್ತದೆ ಎಂಬುದನ್ನು ಒಮ್ಮೆ ಹೋಗಿ ನೋಡಿಕೊಂಡು ಬರುವುದು ಎಷ್ಟೋ ಗೊಂದಲವನ್ನು ಉಳಿಸುತ್ತದೆ. ದೊಡ್ಡ ಮಗುವಿದ್ದರೆ ಅದರ ಬಳಿ ಉಳಿಯುವವರಿಗೆ ಮೊದಲೇ ಹೇಳಿರಬೇಕು, ಆ ಮಗುವಿಗೂ ಹೇಳಿರಬೇಕು. ಆ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡುವ, ರಕ್ತ ಕೊಡುವ, ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಅನುಕೂಲವಿದೆಯೇ, ಇಲ್ಲದಿದ್ದರೆ ಅವರು ಎಲ್ಲಿಗೆ ಕಳಿಸುತ್ತಾರೆ ಎಂಬುದನ್ನು ತಪಾಸಣೆಯ ದಿನವೇ ನೇರವಾಗಿ ಕೇಳಿ ತಿಳಿದುಕೊಳ್ಳಬೇಕು. ಹೀಗೆ ಕೇಳಿದರೆ ವೈದ್ಯರಿಗೆ ಬೇಸರವಾಗುತ್ತದೆ ಎಂದು ಹಿಂಜರಿಯುವವರಿದ್ದಾರೆ. ಒಳ್ಳೆಯ ವೈದ್ಯರಿಗೆ ಆಗುವುದಿಲ್ಲ. ಹೆರಿಗೆಯ ನಂತರದ ಅತಿ ರಕ್ತಸ್ರಾವ ಯಾವ ಮುನ್ಸೂಚನೆಯೂ ಇಲ್ಲದೆ, ಪೂರ್ಣ ಆರೋಗ್ಯವಂತಳಿಗೂ ಆಗಬಹುದಾದ್ದರಿಂದ ರಕ್ತದ ಗುಂಪಿನ ವಿವರ ತಪಾಸಣೆಯ ಕಾರ್ಡಿನಲ್ಲಿ ಬರೆದಿರಲೇಬೇಕು. ಕಾರಿನಲ್ಲಿ ಹೋಗುವಾಗ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬರದೆ ಅದರ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಬರಬೇಕು.

ಚೀಲದ ವಿಷಯ ಇಷ್ಟೇ. ತಪಾಸಣೆಯ ಕಾಗದಪತ್ರಗಳು, ಗುರುತಿನ ಚೀಟಿ, ನಿತ್ಯದ ಔಷಧಗಳು, ಮುಂಭಾಗ ತೆರೆಯುವಂಥ ಸಡಿಲವಾದ ಬಟ್ಟೆಗಳು, ದಪ್ಪ ಪ್ಯಾಡುಗಳು, ಫೋನಿನ ಚಾರ್ಜರ್, ಮಗುವಿಗೆ ಒಗೆದ ಹತ್ತಿಯ ಬಟ್ಟೆಗಳು, ಟೋಪಿ, ಹೊದಿಕೆ, ಡಯಾಪರ್ ಅಥವಾ ಲಂಗೋಟಿ. ಜೊತೆಗೆ ಇರುವವರಿಗೂ ಒಂದು ಜೊತೆ ಬಟ್ಟೆ. ಮರೆತುಹೋದದ್ದನ್ನು ಆಮೇಲೆ ಯಾರಾದರೂ ತಂದುಕೊಡುತ್ತಾರೆ.

ಜೊತೆಗೆ ಇರುವವರು ಎಂದೆನಷ್ಟೆ. ಹೆರಿಗೆಯ ಕೋಣೆಯಲ್ಲಿ ತಾಯಿಯಾಗುವವಳು ತಾನೇ ಆರಿಸಿಕೊಂಡ ಒಬ್ಬರು ಪಕ್ಕದಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಇಂಥ ಜೊತೆಯಿದ್ದಾಗ ನೋವಿನ ಅವಧಿ ತುಸು ಕಡಿಮೆಯಾಗುತ್ತದೆ, ಸಿಸೇರಿಯನ್ ಆಗುವ ಸಂಭವವೂ ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಇಲ್ಲಿ ಮುಖ್ಯವಾದ ಮಾತು ಆಕೆಯ ಆಯ್ಕೆ ಎಂಬುದು. ಅದು ಗಂಡನಿರಬಹುದು, ತಾಯಿಯಿರಬಹುದು, ಅಕ್ಕನಿರಬಹುದು. ತಾನು ಇರಬೇಕಿತ್ತು ಎಂದು ಬೇರೆಯವರು ಮುನಿಸಿಕೊಳ್ಳುವ ಸಂದರ್ಭ ಇದಲ್ಲ. ಆ ವ್ಯಕ್ತಿಗೆ ಮುಂಚೆಯೇ ಒಂದಷ್ಟು ವಿಷಯ ತಿಳಿದಿರಬೇಕು. ಮೊದಲ ಹೆರಿಗೆಯಲ್ಲಿ ಗರ್ಭಕಂಠ ಐದು ಸೆಂಟಿಮೀಟರ್ ತೆರೆದುಕೊಳ್ಳುವ ತನಕದ ಹಂತಕ್ಕೆ ನಿಗದಿತ ಕಾಲಮಿತಿಯೇ ಇಲ್ಲ, ಆಮೇಲಿನ ಹಂತವೇ ಹನ್ನೆರಡು ಗಂಟೆಗಳವರೆಗೆ ನಡೆಯಬಹುದು ಎಂದು ಗೊತ್ತಿದ್ದವರು ಮೂರನೆಯ ಗಂಟೆಗೇ ಕಂಗಾಲಾಗಿ ಅವಸರ ಮಾಡುವುದಿಲ್ಲ. ನಡೆದಾಡಲು ಬಿಡಿ, ಮಲಗಿಯೇ ಇರಬೇಕೆಂದಿಲ್ಲವಲ್ಲ ಎಂದು ಆಕೆಯ ಪರವಾಗಿ ಕೇಳುವುದಕ್ಕೂ ಅವರಿಗೆ ಧೈರ್ಯ ಬರುತ್ತದೆ.

ಮಗು ಹುಟ್ಟಿದ ಮೊದಲ ಗಂಟೆಯ ಬಗ್ಗೆ ಮೊದಲೇ ಆಸ್ಪತ್ರೆಯವರೊಂದಿಗೆ ಮಾತನಾಡಿಡಬೇಕು. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದರೆ, ಹೊಕ್ಕುಳಬಳ್ಳಿಯನ್ನು ಒಂದು ನಿಮಿಷಕ್ಕಿಂತ ಮೊದಲು ಬಿಗಿಯಬಾರದು, ಒರೆಸಿದ ಮಗುವನ್ನು ತಾಯಿಯ ಬರಿಯ ಎದೆಯ ಮೇಲೆ ಮಲಗಿಸಬೇಕು, ಒಂದು ಗಂಟೆಯೊಳಗೆ ಮೊಲೆಗೆ ಹಿಡಿಸಬೇಕು, ಮೊದಲ ಸ್ನಾನವನ್ನು ಇಪ್ಪತ್ತನಾಲ್ಕು ಗಂಟೆಗಳ ಮಟ್ಟಿಗೆ ಮುಂದೂಡಬೇಕು ಎಂಬುದು ಈಗಿನ ಶಿಫಾರಸು. ಸಿಸೇರಿಯನ್ ಆದರೂ ಇವುಗಳಲ್ಲಿ ಹೆಚ್ಚಿನವು ಸಾಧ್ಯ. ಸಿಸೇರಿಯನ್ ಎಂಬ ಮಾತು ಬಂದಿತೆಂದೇ ಹೇಳುತ್ತೇನೆ: ಸಹಜ ಹೆರಿಗೆಯನ್ನೇ ಬಯಸುವವರು ಕೂಡ ಶಸ್ತ್ರಕ್ರಿಯೆ ಬೇಕಾದರೆ ಏನು ಎಂಬುದನ್ನು ಒಮ್ಮೆ ಶಾಂತವಾಗಿ ಯೋಚಿಸಿರಬೇಕು. ದಿನ ತುಂಬಿದ ಬಸಿರುಗಳಲ್ಲಿ ನೂರಕ್ಕೆ ಮೂರು ನಾಲ್ಕರಲ್ಲಿ ಮಗು ತಲೆ ಮೇಲಾಗಿ ಇರುತ್ತದೆ. ಅಂಥವರಲ್ಲಿ ಕೆಲವರಿಗೆ 36-37 ವಾರಗಳ ಹೊತ್ತಿಗೆ ಹೊರಗಿನಿಂದ ಕೈಯಿಂದ ತಿರುಗಿಸುವ ಪ್ರಯತ್ನವನ್ನು ನುರಿತ ವೈದ್ಯರು ಮಾಡುತ್ತಾರೆ, ಅದು ಫಲಿಸದೆಯೂ ಇರಬಹುದು. ಎಷ್ಟೇ ತಯಾರಿ ಮಾಡಿಕೊಂಡರೂ ಕೈಮೀರುವ ಸಂಗತಿಗಳಿರುತ್ತವೆ, ಮತ್ತು ಅವು ತಾಯಿಯ ಸೋಲೂ ಅಲ್ಲ, ತಯಾರಿಯ ಸೋಲೂ ಅಲ್ಲ.

ಈ ವಾರಗಳಲ್ಲಿ ಮಲಗುವ ಭಂಗಿಯ ಬಗ್ಗೆ ಒಂದು ಮಾತು. 28 ವಾರಗಳ ನಂತರ ಅಂಗಾತ ಮಲಗಿ ನಿದ್ದೆಗೆ ಜಾರುವುದು ಒಳ್ಳೆಯದಲ್ಲ, ತುಂಬಿದ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬೀಳುತ್ತದೆ. ಎಡವೋ ಬಲವೋ, ಮಗ್ಗುಲಾಗಿ ಮಲಗಬೇಕು. ನಡುವೆ ಎಚ್ಚರವಾದಾಗ ಅಂಗಾತವಾಗಿದ್ದರೆ ಹೆದರಬೇಕಿಲ್ಲ, ಮತ್ತೆ ಮಗ್ಗುಲಾದರೆ ಆಯಿತು.

ಮನೆಯಲ್ಲಿ ಮಗುವಿಗೆ ಬೇಕಾಗುವ ಜಾಗ ಬಹಳ ಕಡಿಮೆ. ಗಟ್ಟಿಯಾದ, ಸಮತಟ್ಟಾದ, ದಿಂಬು, ಮೆತ್ತನೆಯ ಗೊಂಬೆ, ಸಡಿಲವಾದ ಹೊದಿಕೆ ಯಾವುದೂ ಇಲ್ಲದ ಹಾಸಿಗೆ, ಅದು ತಾಯಿ ಮಲಗುವ ಕೋಣೆಯಲ್ಲೇ ಇರಬೇಕು. ಮಗುವನ್ನು ಪ್ರತಿ ಸಲವೂ ಅಂಗಾತವೇ ಮಲಗಿಸಬೇಕು. ತಾಯಿ ಮಗ್ಗುಲಾಗಿ, ಮಗು ಅಂಗಾತ ಎಂದು ನೆನಪಿಟ್ಟುಕೊಳ್ಳಬಹುದು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಈ ಒಂದು ಮಾತನ್ನು ಮನೆಮನೆಗೂ ತಲುಪಿಸಿದ ಮೇಲೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದ ಶಿಶುಗಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಅರ್ಧಕ್ಕೂ ಕಡಿಮೆಯಾಯಿತು. ಅಂಗಡಿಗಳಲ್ಲಿ ಚೆಂದವಾಗಿ ಕಾಣುವ, ಸುತ್ತಲೂ ಮೆತ್ತೆಯಿರುವ ಹಾಸಿಗೆಗಳು ಈ ದೃಷ್ಟಿಯಿಂದ ಬೇಡದ ಖರ್ಚು ಮಾತ್ರವಲ್ಲ, ಅಪಾಯವೂ ಹೌದು. ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಇರಲೇಬಾರದು.

ಹೆರಿಗೆಯ ನಂತರದ ವಾರಗಳಿಗೆ ಮಾಡಬೇಕಾದ ತಯಾರಿ ಇನ್ನೂ ಉಳಿದಿದೆ, ಮತ್ತು ಹೆಚ್ಚಿನವರ ಯೋಚನೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ಅಂದರೆ ರಾತ್ರಿ ಹಗಲೆನ್ನದೆ ಎರಡು ಮೂರು ಗಂಟೆಗೊಮ್ಮೆ. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಿಣ್ಣುಹಾಲು ಅಳತೆಯಲ್ಲಿ ಕಡಿಮೆ, ಆದರೆ ಆ ದಿನಗಳಿಗೆ ಅದೇ ಸಾಕು. ಮಗುವಿನ ತೂಕ ಮೊದಲು ತುಸು ಇಳಿದು ಎರಡು ವಾರಗಳೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುವುದು ವಾಡಿಕೆ. ಐದನೆಯ ದಿನದ ನಂತರ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು. ಈ ನಾಲ್ಕು ಸಂಗತಿಗಳು ಮನೆಯವರೆಲ್ಲರಿಗೂ ತಿಳಿದಿದ್ದರೆ, ನಿನಗೆ ಹಾಲೇ ಇಲ್ಲ ಎಂಬ ಮಾತು ಬಾಣಂತಿಯ ಕಿವಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಮೊಲೆಗೆ ಹಿಡಿಸುವಾಗ ನೋವಾದರೆ ಯಾರನ್ನು ಕರೆಯಬೇಕು ಎಂಬುದನ್ನು ಬಸಿರಿನಲ್ಲೇ ವಿಚಾರಿಸಿ ಇಟ್ಟುಕೊಂಡಿರಬೇಕು.

ಹಾಲುಣಿಸುವುದೊಂದನ್ನು ಬಿಟ್ಟರೆ ಉಳಿದ ಎಲ್ಲ ಕೆಲಸಗಳನ್ನೂ ಬೇರೆಯವರು ಮಾಡಬಹುದು. ಯಾರು ಅಡುಗೆ ಮಾಡುವವರು, ಯಾರು ಬಟ್ಟೆ ಒಗೆಯುವವರು, ರಾತ್ರಿ ಹಾಲು ಕುಡಿದ ಮಗುವನ್ನು ತೇಗಿಸಿ, ಬಟ್ಟೆ ಬದಲಿಸಿ ಮಲಗಿಸುವವರು ಯಾರು ಎಂಬುದನ್ನು ಹೆಸರು ಹಿಡಿದು ಹಂಚಿಕೊಳ್ಳಬೇಕು. ಎಲ್ಲರೂ ಇದ್ದಾರಲ್ಲ ಎಂಬ ಮನೆಯಲ್ಲಿ ಕೊನೆಗೆ ಬಾಣಂತಿಯೇ ಏಳುತ್ತಾಳೆ. ತಂದೆಯಾದವನು ಸಹಾಯ ಮಾಡುತ್ತಾನೆ ಎನ್ನುವ ಮಾತು ನನಗೆ ಸರಿಕಾಣುವುದಿಲ್ಲ, ಅದು ಅವನ ಮಗು. ನೋಡಲು ಬರುವವರಿಗೆ ಮೊದಲ ವಾರಗಳಲ್ಲಿ ಮಿತಿಯಿರಲಿ, ಕೈತೊಳೆಯದೆ ಮಗುವನ್ನು ಮುಟ್ಟುವುದು ಬೇಡ, ನೆಗಡಿ ಕೆಮ್ಮು ಇರುವವರು ಆಮೇಲೆ ಬರಲಿ. ಇದನ್ನು ಹೇಳುವ ಹೊಣೆಯೂ ಬಾಣಂತಿಯದಾಗಬಾರದು.

ಹೆರಿಗೆಯಾದ ಮೇಲೂ ತಾಯಿಗೆ ಅಪಾಯದ ಕಾಲ ಮುಗಿದಿರುವುದಿಲ್ಲ. ಆಸ್ಪತ್ರೆಯಿಂದ ಬಂದ ನಂತರ ಎರಡು ಮೂರು ದಿನಗಳೊಳಗೆ ಒಂದು ತಪಾಸಣೆ, ಎರಡನೆಯ ವಾರದಲ್ಲಿ ಇನ್ನೊಂದು, ಆರನೆಯ ವಾರದಲ್ಲಿ ಮತ್ತೊಂದು ಬೇಕು. ಅವುಗಳ ದಿನಗಳನ್ನು ಡಿಸ್ಚಾರ್ಜ್ ಆಗುವಾಗಲೇ ಬರೆಸಿಕೊಳ್ಳಬೇಕು. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಒಂದೇ ಕಾಲಿನ ಊತ ಮತ್ತು ನೋವು, ಎದೆನೋವು, ತೀವ್ರ ತಲೆನೋವು ಕಂಡರೆ ಅಷ್ಟು ದಿನ ಕಾಯುವಂತಿಲ್ಲ. ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ನಂತರವೂ ಕಾಣಿಸಿಕೊಳ್ಳಬಲ್ಲದು.

ಮನಸ್ಸಿನ ವಿಷಯವನ್ನೂ ಇದೇ ಸಾಲಿಗೆ ಸೇರಿಸಬೇಕು. ಮೂರನೆಯ ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿ, ಆತಂಕ ಬಹುಪಾಲು ತಾಯಂದಿರಲ್ಲಿ ಕಂಡು ಎರಡು ವಾರಗಳೊಳಗೆ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೂ ಉಳಿದು, ಮಗುವಿನ ಮೇಲೆ ಮನಸ್ಸೇ ಹೋಗದಂತಾದರೆ, ಅವಕಾಶವಿದ್ದರೂ ನಿದ್ದೆ ಬಾರದಿದ್ದರೆ, ಬದುಕುವುದೇ ಬೇಡ ಎನ್ನಿಸಿದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಇದಕ್ಕಿಂತ ಬಹಳ ಅಪರೂಪವಾದದ್ದು, ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವಂಥದ್ದು, ಮೊದಲ ವಾರಗಳಲ್ಲೇ ಶುರುವಾಗುವ ಸೈಕೋಸಿಸ್: ತಾಯಿ ಇಲ್ಲದ್ದನ್ನು ಕೇಳುತ್ತಾಳೆ, ಕಾಣುತ್ತಾಳೆ, ಅಸಂಬದ್ಧವಾಗಿ ಮಾತನಾಡುತ್ತಾಳೆ, ದಿನಗಟ್ಟಲೆ ನಿದ್ದೆಯಿಲ್ಲದೆ ಓಡಾಡುತ್ತಾಳೆ. ಇದನ್ನು ಹಟವೆಂದೋ ದಣಿವೆಂದೋ ತಿಳಿದು ಮನೆಯಲ್ಲಿ ಇಟ್ಟುಕೊಳ್ಳಬಾರದು. ಆಕೆಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದವರು ಆ ವಿಷಯವನ್ನು ತುಂಬು ತಿಂಗಳ ತಪಾಸಣೆಯಲ್ಲೇ ವೈದ್ಯರಿಗೆ ತಿಳಿಸಿ, ಹೆರಿಗೆಯ ನಂತರ ಯಾರು ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡು ಬರಬೇಕು.